ಅರ್ಜಿ ಅಕ್ಕ

ಆ ಹೆಸರು ಅಂಟಿಕೊಳ್ಳುವ ಮೊದಲು ಅವಳು ಹದಿನೇಳು ವರ್ಷ ರಟ್ಟಿನ ಡಬ್ಬಿ ಮಾಡಿದವಳು. ಚಪ್ಪಲಿ ಡಬ್ಬಿ, ಔಷಧಿ ಡಬ್ಬಿ, ಬಲ್ಬಿನ ಡಬ್ಬಿ, ಗಾಜಿನ ಲೋಟಗಳ ಡಬ್ಬಿ. ಊರಿನ ಅಂಗಡಿಗಳ ಕಪಾಟುಗಳಲ್ಲಿ ಅವಳ ಕೈ ಸೋಕದ ಡಬ್ಬಿ ಹುಡುಕುವುದು ಕಷ್ಟವಿತ್ತು. ರಟ್ಟಿನ ಅಂಚನ್ನು ಎರಡು ಬೆರಳ ನಡುವೆ ಹಿಡಿದರೆ ಸಾಕು, ಒಳಗೆ ಎಷ್ಟು ಪದರ ಇದೆ, ತೇವ ಕುಡಿದಿದೆಯೋ ಇಲ್ಲವೋ ಎಂದು ಥಟ್ಟನೆ ಹೇಳಿಬಿಡುತ್ತಿದ್ದಳು.

ಸಂಬಳದ ಚೀಟಿಯಲ್ಲಿ ‘ಸಾಮಾಜಿಕ ಭದ್ರತೆ’ ಎಂಬ ಸಾಲಿನ ಮುಂದೆ ಪ್ರತಿ ತಿಂಗಳೂ ಒಂದಿಷ್ಟು ಕಡಿತವಾಗಿರುತ್ತಿತ್ತು. ಹೆಂಗಸರೆಲ್ಲ ಆ ಸಾಲು ಕಂಡರೆ ಮೂಗು ಮುರಿಯುತ್ತಿದ್ದರು. “ಇದು ಯಾವ ಪುಣ್ಯಾತ್ಮನ ಹೊಟ್ಟೆಗೆ ಹೋಗುತ್ತೋ ಏನೋ” ಎಂದು ಪಕ್ಕದ ಯಂತ್ರದವಳು ಗೊಣಗಿದರೆ ಇವಳು, “ಯಾರದೇ ಆಗಲಿ, ನಮ್ಮ ಹೆಸರು ಹೇಳಿ ಒಂದು ತೇಗು ಬಿಟ್ಟರೆ ಸಾಕು” ಎಂದು ನಗಿಸುತ್ತಿದ್ದಳು. ಆ ವಿಷಯದಲ್ಲಿ ಅವಳ ತಿಳಿವಳಿಕೆ ಅಷ್ಟೇ.

ಮನೆಯಲ್ಲಿ ಅವಳು ಮತ್ತು ಅತ್ತೆ, ಇಬ್ಬರೇ. ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದ ಗಂಡ ಮದುವೆಯಾದ ಆರನೇ ವರ್ಷಕ್ಕೆ ಎದೆನೋವೆಂದು ಕೂತವನು ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ಇನ್ನು ಇವಳು ಅಣ್ಣನ ಮನೆಗೆ ಹೋಗುತ್ತಾಳೆಂದು ಬಂಧುಗಳೆಲ್ಲ ಲೆಕ್ಕ ಹಾಕಿಕೊಂಡಿದ್ದರು. ಪೆಟ್ಟಿಗೆ ಕಟ್ಟಲು ಕೂತವಳ ಎದುರಿಗೆ ಅತ್ತೆ ಬಂದು ನಿಂತಳು.

“ಎಲ್ಲಿಗೆ ಹೊರಟೆ?”

“ಅಣ್ಣ ಕರೀತಿದಾನೆ ಅತ್ತೆ.”

“ಕರೀಲಿ, ಬಾಯಿ ನೋಯುತ್ತೆ, ಸುಮ್ಮನಾಗ್ತಾನೆ. ನೀನು ಹೋದರೆ ನಾನು ಜಗಳ ಆಡೋದು ಯಾರ ಹತ್ತಿರ? ಗೋಡೆ ಹತ್ತಿರವಾ?”

ಪೆಟ್ಟಿಗೆ ಮತ್ತೆ ಮಂಚದ ಕೆಳಗೆ ಹೋಯಿತು. ಅತ್ತೆ ಆಗ ನಾಲ್ಕು ಕಟ್ಟಡಗಳ ಮೆಟ್ಟಿಲು ಒರೆಸುವ ಕೆಲಸ ಮಾಡುತ್ತಿದ್ದಳು. ನಾಲಿಗೆ ಕತ್ತಿಯಂಥದ್ದು, ಕರುಳು ಮಾತ್ರ ಬೆಣ್ಣೆ. ಸೊಸೆ ಬರುವುದು ತಡವಾದರೆ ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು. ಬಂದ ಕೂಡಲೇ, “ನಿನಗೋಸ್ಕರ ಅಲ್ಲ, ಗಾಳಿಗೆ ನಿಂತಿದ್ದೆ” ಎನ್ನುತ್ತಿದ್ದಳು.

ನಲವತ್ತೊಂದನೇ ವಯಸ್ಸಿನಲ್ಲಿ ಅವಳ ಬಲಗೈ ಹೋಯಿತು. ದೊಡ್ಡದೊಂದು ಆರ್ಡರು ಬಂದಿತ್ತು. ರಟ್ಟು ಕತ್ತರಿಸುವ ಯಂತ್ರದ ಮುಂದೆ ಕೈ ಒಳಗೆ ಹೋಗದಂತೆ ತಡೆಯುವ ಒಂದು ಕಂಬಿ ಇರುತ್ತದೆ. ಅದಿದ್ದರೆ ಕೆಲಸ ನಿಧಾನವೆಂದು ಕಾರ್ಖಾನೆಯ ಮೇಸ್ತ್ರಿ ತೆಗೆಸಿದ. ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಊಟದ ಬಿಡುವು ಮುಗಿದು ಕಾಲು ಗಂಟೆಯಾಗಿರಬೇಕು, ಸೊಟ್ಟಗಾದ ಹಾಳೆಯನ್ನು ಸರಿಮಾಡಲು ಕೈ ಚಾಚಿದಳು, ಅಲಗು ಇಳಿಯಿತು. ಮೂರು ಬೆರಳು. ಹೆಬ್ಬೆರಳು, ಕಿರುಬೆರಳು ಉಳಿದವು. ಮೇಸ್ತ್ರಿ ತನ್ನ ಅಂಗಿಯನ್ನೇ ಹರಿದು ಕಟ್ಟಿದ್ದು, ಅವನ ಕೈಗಳು ತನಗಿಂತ ಹೆಚ್ಚು ನಡುಗುತ್ತಿದ್ದುದು, ಇಷ್ಟು ಮಾತ್ರ ಅವಳಿಗೆ ನೆನಪಿದೆ.

ಆಸ್ಪತ್ರೆಗೆ ಅಣ್ಣ ಓಡಿ ಬಂದ. “ಇನ್ನು ಸಾಕು, ನಮ್ಮನೇಲೇ ಇರು. ಅತ್ತಿಗೆಗೂ ಮನೆಕೆಲಸದಲ್ಲಿ ಒಂದಿಷ್ಟು ಸಹಾಯ ಆಗುತ್ತೆ” ಎಂದ. ಹೇಳಿದ್ದು ಪ್ರೀತಿಯಿಂದಲೇ. ಆದರೆ ಆ ಎರಡನೆಯ ಮಾತು ಅವಳಿಗೆ ರುಚಿಸಲಿಲ್ಲ. ಒಂದೂವರೆ ಕೈಯಲ್ಲಿ ಬೇರೆಯವರ ಮನೆಯ ಪಾತ್ರೆ ಉಜ್ಜುತ್ತಾ ಉಳಿದ ಆಯುಸ್ಸು ಕಳೆಯುವುದನ್ನು ಅವಳು ಆಸ್ಪತ್ರೆಯ ಸೂರು ನೋಡುತ್ತಾ ಊಹಿಸಿಕೊಂಡಳು. ಬೇರೆ ದಾರಿ ತೋಚಲಿಲ್ಲ.

ದಾರಿ ತೋರಿಸಿದವಳು ವಾರ್ಡಿನ ನರ್ಸಮ್ಮ. ಬ್ಯಾಂಡೇಜು ಬಿಚ್ಚುತ್ತಾ, “ಸಂಬಳದ ಚೀಟಿಗಳನ್ನ ಇಟ್ಟುಕೊಂಡಿದೀರಾ? ಸಾಮಾಜಿಕ ಭದ್ರತಾ ಆಫೀಸಿಗೆ ಅರ್ಜಿ ಹಾಕಿ. ಚಿಕಿತ್ಸೆ ಖರ್ಚು ಅವರದ್ದೇ, ಪಿಂಚಣಿನೂ ಬರುತ್ತೆ” ಎಂದಳು. ಚೀಟಿಗಳನ್ನು ಅತ್ತೆ ಒಂದೂ ಬಿಡದೆ ಅಕ್ಕಿ ಡಬ್ಬದ ತಳಕ್ಕೆ ಹಾಸಿದ್ದಳು. ಅಕ್ಕಿ ಸುರಿದು ತೆಗೆದರು.

ಭದ್ರತಾ ಆಫೀಸಿನ ಮೂರನೇ ಕೌಂಟರಿನಲ್ಲಿ ಒಬ್ಬ ಬೋಳುತಲೆಯ ಗುಮಾಸ್ತ ಕೂರುತ್ತಿದ್ದ. ಅರ್ಜಿ ಪಡೆದು ರಸೀದಿ ಕೊಟ್ಟ. ಹನ್ನೆರಡು ದಿನಕ್ಕೆ ಅರ್ಜಿ ವಾಪಸ್ಸು ಬಂತು. ಮೇಲೆ ಕೆಂಪು ಶಾಯಿಯಲ್ಲಿ ಒಂದು ಷರಾ: ‘ಅರ್ಜಿದಾರರ ಸಹಿ ದಾಖಲೆಯಲ್ಲಿರುವ ಸಹಿಯೊಂದಿಗೆ ಹೊಂದುತ್ತಿಲ್ಲ.’

ಅತ್ತೆ ಸೊಸೆ ಇಬ್ಬರೂ ಕೌಂಟರಿಗೆ ಹೋದರು. ಗುಮಾಸ್ತ ಎರಡು ಸಹಿಗಳನ್ನೂ ಪಕ್ಕಪಕ್ಕ ಇಟ್ಟ. ಒಂದು ಹಳೆಯದು, ದುಂಡಗೆ, ಮುದ್ದಾಗಿತ್ತು. ಇನ್ನೊಂದು ಕೋಳಿ ಕೆರೆದಂತಿತ್ತು.

“ನೋಡಿ ಅಮ್ಮ, ಇದೂ ಅದೂ ಒಂದೇ ತರ ಇದೆಯಾ? ನೀವೇ ಹೇಳಿ.”

ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಸೊಸೆಯ ಬಲಗೈಯನ್ನು ಹಿಡಿದೆತ್ತಿ ಕೌಂಟರಿನ ಮೇಲಿಟ್ಟಳು. “ಆ ಸಹಿ ಹಾಕಿದ್ದು ಈ ಕೈ ಕಣಪ್ಪ. ಅದೇ ಸಹಿ ಹಾಕೋ ಹಾಗಿದ್ದಿದ್ದರೆ ಅವಳು ನಿನ್ನ ಮುಖ ನೋಡೋಕೆ ಇಲ್ಲಿಗ್ಯಾಕೆ ಬರ್ತಿದ್ದಳು?”

ಗುಮಾಸ್ತ ಕೈ ನೋಡಿದ, ಅರ್ಜಿ ನೋಡಿದ, ಕೆಂಪು ಷರಾ ನೋಡಿದ. ಅವನ ಬೋಳುತಲೆಯವರೆಗೂ ನಾಚಿಕೆ ಏರಿತು. ಆಮೇಲೆ ತಡೆಯಲಾರದೆ ನಕ್ಕುಬಿಟ್ಟ. ಇವಳಿಗೂ ನಗು ಬಂತು. ಅಪಘಾತವಾದ ಮೇಲೆ ಅವಳು ಮನಸಾರೆ ನಕ್ಕಿದ್ದು ಅದೇ ಮೊದಲು. ಅವನು ಎದ್ದು ತಾನೇ ಅಧಿಕಾರಿಯ ಕೋಣೆಗೆ ಕರೆದೊಯ್ದ. ಅಲ್ಲೇ ಎಡಗೈಯ ಹೊಸ ಸಹಿಯನ್ನು ದಾಖಲೆ ಮಾಡಿಸಿದ. ಹೊರಡುವಾಗ, “ಈ ಸಹಿನ ಚೆನ್ನಾಗಿ ಅಭ್ಯಾಸ ಮಾಡಿಟ್ಟುಕೊಳ್ಳಿ, ಮುಂದಿನ ಸಲ ಇದಕ್ಕೂ ಹೊಂದಬೇಕಲ್ಲ” ಎಂದ.

ಎರಡನೆಯ ತಿಂಗಳಿಗೆ ಪಿಂಚಣಿ ಮಂಜೂರಾಯಿತು. ಅರಮನೆ ಕಟ್ಟಿಸುವಷ್ಟಲ್ಲ, ಎರಡು ಕೋಣೆಯ ಬಾಡಿಗೆ ಹೋಗಿ ಊಟಕ್ಕೆ ತತ್ವಾರವಿಲ್ಲದಷ್ಟು. ಅಣ್ಣನಿಗೆ ಫೋನು ಮಾಡಿ, “ರಜೆಗೆ ಬರ್ತೀನಿ ಅಣ್ಣ, ನಾಲ್ಕು ದಿನ ಇದ್ದು ಹೋಗ್ತೀನಿ” ಎಂದಳು. ಬೇಡ ಎನ್ನುವ ಮಾತನ್ನು ಯಾರ ಮನಸ್ಸೂ ನೋಯದಂತೆ ಹೇಳಲು ತನ್ನಿಂದ ಆಯಿತಲ್ಲ ಎಂದು ಫೋನಿಟ್ಟ ಮೇಲೆ ಅವಳಿಗೆ ಎದೆ ಹಗುರಾಯಿತು.

ಇನ್ನು ಅಭ್ಯಾಸ. ಮೇಜಿನ ಮೇಲೆ ಹಳೆಯ ಡಬ್ಬಿಗಳನ್ನು ಬಿಚ್ಚಿ ಹರಡಿ, ಅವುಗಳ ಒಳಮೈ ಮೇಲೆ ಎಡಗೈಯಿಂದ ಅ ಆ ಇ ಈ ತಿದ್ದತೊಡಗಿದಳು. ನಲವತ್ತೊಂದು ವರ್ಷದ ಹೆಂಗಸು ನಾಲಿಗೆ ಕಚ್ಚಿಕೊಂಡು ಅಕ್ಷರ ತಿದ್ದುವುದನ್ನು ಅತ್ತೆ ಒಂದು ವಾರ ಸುಮ್ಮನೆ ನೋಡಿದಳು. ಅವಳು ಹೆಬ್ಬೆಟ್ಟಿನವಳು, ಶಾಲೆಯ ಮೆಟ್ಟಿಲನ್ನು ಒರೆಸಿದ್ದಳೇ ಹೊರತು ಹತ್ತಿರಲಿಲ್ಲ. ಎಂಟನೆಯ ದಿನ ಕುರ್ಚಿ ಎಳೆದುಕೊಂಡು ಕೂತಳು.

“ನಂಗೂ ಒಂದು ಪೆನ್ಸಿಲು ಕೊಡು. ಹೇಗೂ ನೀನು ಬರೆಯೋದು ನನಗಿಂತ ಚೆನ್ನಾಗೇನೂ ಇಲ್ಲ.”

ಅಂದಿನಿಂದ ಪೈಪೋಟಿ. ಸೊಸೆಗೆ ಅಕ್ಷರ ಗೊತ್ತು, ಕೈ ಕೇಳುವುದಿಲ್ಲ. ಅತ್ತೆಗೆ ಕೈ ಗಟ್ಟಿ, ಅಕ್ಷರ ಗೊತ್ತಿಲ್ಲ. ಸ್ವರ ಮುಗಿಯಿತು, ಕಾಗುಣಿತ ಮುಗಿಯಿತು. ಒತ್ತಕ್ಷರ ಬಂದಾಗ ಅತ್ತೆ ಪೆನ್ಸಿಲು ಕೆಳಗಿಟ್ಟಳು. “ಇದಕ್ಕೆ ಬಾಲ ಯಾಕೆ?” ಅದು ಬಾಲವಲ್ಲ, ಒತ್ತು ಎಂದು ಎಷ್ಟು ಹೇಳಿದರೂ ಕೊನೆಗೂ ಅದು ಬಾಲವೇ ಆಗಿ ಉಳಿಯಿತು. ಆರು ತಿಂಗಳಲ್ಲಿ ಅತ್ತೆ ಬೀದಿಯ ಅಂಗಡಿ ಫಲಕಗಳನ್ನೆಲ್ಲ ಗಟ್ಟಿಯಾಗಿ ಓದುತ್ತಾ ನಡೆಯತೊಡಗಿದಳು. ಪಕ್ಕದಲ್ಲಿ ನಡೆಯುವವರಿಗೆ ಬೇಕೋ ಬೇಡವೋ ಎಂಬ ಯೋಚನೆ ಅವಳಿಗಿರಲಿಲ್ಲ.

ಮರುವರ್ಷ ಪಿಂಚಣಿಯ ತಪಾಸಣೆಗೆಂದು ಅವಳು ಭದ್ರತಾ ಆಫೀಸಿಗೆ ಹೋದಾಗ ಸಾಲಿನಲ್ಲಿ ಮುಂದೆ ಒಬ್ಬ ಬಸುರಿ ಹೆಂಗಸು ಅರ್ಜಿಯನ್ನು ತಲೆಕೆಳಗಾಗಿ ಹಿಡಿದು ನಿಂತಿದ್ದಳು. “ಕೊಡಮ್ಮ ಇಲ್ಲಿ” ಎಂದು ಇಸಿದುಕೊಂಡು, ಕಿಟಕಿಯ ಕಟ್ಟೆಗೆ ಒರಗಿ ತುಂಬಿಸಿಕೊಟ್ಟಳು. ಅದನ್ನು ನೋಡಿ ಹಿಂದಿನ ಮುದುಕ ತನ್ನದನ್ನೂ ಚಾಚಿದ. ಆಮೇಲೆ ಇನ್ನೊಬ್ಬರು. ಬಾಗಿಲು ಮುಚ್ಚುವ ಹೊತ್ತಿಗೆ ಒಂಬತ್ತು ಅರ್ಜಿಗಳಾಗಿದ್ದವು. ತನ್ನ ತಪಾಸಣೆಯನ್ನೇ ಮರೆತಿದ್ದಳು.

ಹೀಗೆ ಶುರುವಾದದ್ದು ನಿಲ್ಲಲಿಲ್ಲ. ಸೋಮವಾರದಿಂದ ಗುರುವಾರದವರೆಗೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ಅವಳು ಆಫೀಸಿನ ಹೊರಜಗಲಿಯಲ್ಲಿ ಕೂರತೊಡಗಿದಳು. ಬೋಳುತಲೆ ಗುಮಾಸ್ತ ಗೋದಾಮಿನಿಂದ ಒಂದು ಕಾಲು ಕುಂಟುವ ಮೇಜನ್ನು ಹೊರಗೆ ಹಾಕಿಸಿಕೊಟ್ಟ. ಅವಳು ಯಾರಿಂದಲೂ ಕಾಸು ಮುಟ್ಟುತ್ತಿರಲಿಲ್ಲ. ಟೀ ತಂದುಕೊಟ್ಟರೆ ಕುಡಿಯುತ್ತಿದ್ದಳು. ಜನ ಅರ್ಜಿ ಅಕ್ಕ ಎಂದರು. ಅಕ್ಕನಿಗಿಂತ ಹದಿನೈದು ವರ್ಷ ಹಿರಿಯರೂ ಹಾಗೇ ಕರೆದರು.

ಆ ಮೇಜಿನ ಮುಂದೆ ಕೂತವರ ಕಥೆಗಳೇ ಕಥೆಗಳು. ಹೆಂಡತಿಯ ಹೆರಿಗೆ ರಜೆಯ ಅರ್ಜಿಗೆ ಬಂದ ಆನೆಗಾತ್ರದ ಬೇಕರಿಯವನು ‘ಹುಟ್ಟಲಿರುವ ಮಗು’ ಎಂಬ ಪದ ಓದಿದೊಡನೆ ಗಳಗಳನೆ ಅತ್ತುಬಿಟ್ಟ. ಒಂದು ಮುದಿ ಜೋಡಿ ತಮ್ಮ ಮದುವೆಯ ತಾರೀಖಿನ ಬಗ್ಗೆ ಅವಳೆದುರೇ ಕಿತ್ತಾಡಿ, ಎರಡು ಬೇರೆ ಬೇರೆ ದಿನ ಹೇಳಿ, ಸಂಜೆವರೆಗೆ ಮಾತುಬಿಟ್ಟರು. ಕೆಲಸ ಕಳೆದುಕೊಂಡವರು ಬಂದರೆ ಅವಳು ಮೊದಲು ಅರ್ಜಿ ಎತ್ತಿಕೊಳ್ಳುತ್ತಿರಲಿಲ್ಲ. “ಏನು ಕೆಲಸ ಮಾಡ್ತಿದ್ರಿ, ಹೇಳಿ” ಎಂದು ಕೇಳುತ್ತಿದ್ದಳು. ಬಗ್ಗಿದ ತಲೆಯವರು ತಮ್ಮ ಕೆಲಸದ ಮಾತು ಬಂದರೆ ನೆಟ್ಟಗೆ ಕೂರುತ್ತಾರೆ ಎಂಬುದನ್ನು ಅವಳು ಕಂಡುಕೊಂಡಿದ್ದಳು.

ಊರಿಗೆಲ್ಲ ಅರ್ಜಿ ಬರೆದುಕೊಟ್ಟವಳಿಗೆ ಮನೆಯೊಳಗಿನ ಒಂದು ಅರ್ಜಿ ಮಾತ್ರ ಜಪ್ಪಯ್ಯ ಅಂದರೂ ಕೌಂಟರಿಗೆ ಮುಟ್ಟಿಸಲಾಗಲಿಲ್ಲ. ಅತ್ತೆಯ ಮಂಡಿ ಸೋತು ಮೆಟ್ಟಿಲ ಕೆಲಸ ಬಿಟ್ಟಾಗಿತ್ತು. ವಯಸ್ಸಾದವರಿಗೆ, ಯಾವ ದಾಖಲೆಯೂ ಇಲ್ಲದೆ ದುಡಿದವರಿಗೂ, ಭದ್ರತಾ ಆಫೀಸು ವೃದ್ಧಾಪ್ಯ ವೇತನ ಕೊಡುತ್ತಿತ್ತು. ಆ ಮಾತು ಎತ್ತಿದರೆ ಸಾಕು, ಅತ್ತೆ ಉರಿದುಬೀಳುತ್ತಿದ್ದಳು.

“ನಿನ್ನದು ಬೇರೆ. ನೀನು ಕಟ್ಟಿದೀಯ, ತಗೋತೀಯ. ನಾನೇನು ಕಟ್ಟಿದೀನಿ? ಈ ವಯಸ್ಸಲ್ಲಿ ದಿಕ್ಕಿಲ್ಲದೋಳು ಅಂತ ಕೈಯೊಡ್ಡಲಾ?”

“ನಲವತ್ತು ವರ್ಷ ಊರಿನ ಮೆಟ್ಟಿಲು ಒರೆಸಿದೀರಲ್ಲ ಅತ್ತೆ.”

“ಅದಕ್ಕೆ ಅವತ್ತವತ್ತೇ ಕೂಲಿ ಕೊಟ್ಟಾಗಿದೆ.”

“ಎಷ್ಟು ಕೊಟ್ಟರು?”

“ಅದು ಬೇರೆ ವಿಷಯ” ಎಂದು ಅತ್ತೆ ಪಾತ್ರೆ ಸದ್ದು ಮಾಡುತ್ತಿದ್ದಳು. ಮಾತು ಅಲ್ಲಿಗೆ ನಿಲ್ಲುತ್ತಿತ್ತು.

ಅತ್ತೆಗೆ ಎಪ್ಪತ್ತೊಂದು ನಡೆಯುತ್ತಿದ್ದ ವರ್ಷ ಒಂದು ಬೆಳಿಗ್ಗೆ ಚಳಿ ಜೋರಾಗಿತ್ತು. ಅಕ್ಕ ಕನ್ನಡಕ ಮರೆತು ಹೋಗಿದ್ದಳು. ಅದನ್ನು ಕೊಡಲೆಂದು ಅತ್ತೆ ಕುಂಟುತ್ತಾ ಬಂದು, ಬಂದದ್ದು ಬಂದೆ ಎಂದು ಮೇಜಿನ ಹಿಂದಿನ ಸ್ಟೂಲಿನ ಮೇಲೆ ಕೂತಳು. ಸಾಲಿನಲ್ಲಿ ಮುಂದಿದ್ದವನು ತಲೆ ತಗ್ಗಿಸಿಕೊಂಡೇ ಬಂದು ಕುರ್ಚಿಯ ಅಂಚಿನಲ್ಲಿ ಕೂತ. ಕೈಗಳೆರಡೂ ಎಲೆಯಂತೆ ಅದುರುತ್ತಿದ್ದವು.

“ಪಿಂಚಣಿ ಅರ್ಜಿ ತಾಯಿ. ಪೆನ್ನು ಹಿಡಿಯೋಕೆ ಆಗ್ತಿಲ್ಲ, ಕೈ ನಡುಗೋ ಕಾಯಿಲೆ.”

ದನಿ ಕೇಳಿದೊಡನೆ ಅಕ್ಕನಿಗೆ ಗೊತ್ತಾಯಿತು. ಗುರುತು ತೋರಗೊಡದೆ ಅವಳು ಹೆಸರು ಕೇಳಿ ಬರೆದಳು, ವಯಸ್ಸು ಕೇಳಿದಳು, ವಿಳಾಸ ಕೇಳಿದಳು. ‘ಕೆಲಸ ಮಾಡಿದ ಸ್ಥಳ’ ಎಂಬಲ್ಲಿಗೆ ಬಂದಾಗ ಕೇಳದೆಯೇ ರಟ್ಟಿನ ಕಾರ್ಖಾನೆಯ ಹೆಸರು ಬರೆದಳು. ಅವನಿಗೆ ಓದಲು ಬರುತ್ತಿತ್ತು. ತಾನು ಹೇಳದ ಹೆಸರು ಕಾಗದದ ಮೇಲೆ ಮೂಡುವುದನ್ನು ನೋಡಿ ಗಲಿಬಿಲಿಗೊಂಡ. ಅಷ್ಟರಲ್ಲಿ ಗಾಳಿಗೆ ಹಾಳೆ ಏಳಲು, ಅವಳು ಶಾಲಿನೊಳಗಿಂದ ಬಲಗೈ ತೆಗೆದು ಅದರ ಮೇಲಿಟ್ಟಳು.

ಮೇಸ್ತ್ರಿ ಎದ್ದು ನಿಂತ. “ನೀನಾ ತಾಯಿ?” ಎಂದ. ಮುಖ ಬಿಳುಚಿಕೊಂಡಿತ್ತು. “ನಿನ್ನ ಕೈಯಲ್ಲಿ ನನ್ನ ಅರ್ಜಿ ಬರೆಸೋಕೆ ನಂಗೆ ಯಾವ ಮುಖ ಇದೆ? ಬೇಡ, ನಾನು ಹೋಗ್ತೀನಿ.”

“ಕೂತ್ಕೊಳ್ಳಿ ಮೇಸ್ತ್ರಿ. ಇನ್ನೂ ಎರಡು ಪುಟ ಇದೆ.”

ಹಿಂದೆ ಸ್ಟೂಲು ಕಿರುಗುಟ್ಟಿತು. ಅತ್ತೆ ಎದ್ದಿದ್ದಳು. ಹತ್ತು ವರ್ಷ ಅವಳು ಮೇಸ್ತ್ರಿಗೆ ಹಾಕದ ಶಾಪವಿರಲಿಲ್ಲ. ಈಗ ಅವನೇ ಎದುರಿಗೆ. ಅತ್ತೆ ಬಾಯಿ ತೆರೆಯುವುದರೊಳಗೆ ಅಕ್ಕ ತಿರುಗಿ ಹೇಳಿದಳು:

“ಅತ್ತೆ, ಒಂದು ವಿಷಯ ನಿಮಗೆ ಹೇಳಿರಲಿಲ್ಲ. ‘ಕಂಬಿ ನಾನೇ ತೆಗೆಸಿದ್ದು, ಇವಳದ್ದೇನೂ ತಪ್ಪಿಲ್ಲ’ ಅಂತ ತನಿಖೆ ಅಧಿಕಾರಿಗೆ ಬರೆದುಕೊಟ್ಟಿದ್ದು ಇವರೇ. ಫೈಲಲ್ಲಿ ನಾನೇ ಓದಿದೀನಿ. ಇವರು ಬಾಯಿ ಮುಚ್ಚಿಕೊಂಡಿದ್ದಿದ್ದರೆ ತಪ್ಪೆಲ್ಲ ನನ್ನ ತಲೆಗೇ ಕಟ್ಟುತ್ತಿದ್ದರು.”

“ನಂಗೇ ಯಾಕೆ ಹೇಳಲಿಲ್ಲ?”

“ಇವರನ್ನ ಬೈದರೆ ನಿಮಗೆ ಸಮಾಧಾನ ಆಗ್ತಿತ್ತು. ಅದನ್ನ ಯಾಕೆ ಕಿತ್ತುಕೊಳ್ಳಲಿ ಅಂತ ಸುಮ್ಮನಿದ್ದೆ.”

ಅತ್ತೆ ಸ್ಟೂಲು ಎಳೆದುಕೊಂಡು ಮೇಜಿನ ಹತ್ತಿರ ಕೂತಳು. ಮೇಸ್ತ್ರಿ ನೆಲ ನೋಡುತ್ತಾ ಹೇಳಿದ, “ಬರೆದುಕೊಟ್ಟ ಮೇಲೆ ಮೇಸ್ತ್ರಿಗಿರಿ ಹೋಯ್ತು. ಆಮೇಲೆ ಗೇಟಲ್ಲಿ ಕೂರಿಸಿದರು. ಅದು ಸರಿಯಾಗೇ ಇತ್ತು. ಕಂಬಿ ತೆಗೆಸಬಾರದಿತ್ತು. ಎಷ್ಟು ಬರೆದುಕೊಟ್ಟರೂ ಬೆರಳು ವಾಪಸ್ ಬರುತ್ತಾ?”

“ಬರಲ್ಲ” ಎಂದಳು ಅಕ್ಕ. ಅವಳ ದನಿಯಲ್ಲಿ ಕಹಿ ಇರಲಿಲ್ಲ, ಸುಳ್ಳು ಸಮಾಧಾನವೂ ಇರಲಿಲ್ಲ. “ಆದರೆ ಮೇಸ್ತ್ರಿ, ನಿಮ್ಮ ಸಂಬಳದಲ್ಲೂ ಪ್ರತಿ ತಿಂಗಳು ಹಿಡೀತಿದ್ದರು ತಾನೆ? ನಾನು ಹತ್ತು ವರ್ಷದಿಂದ ಊಟ ಮಾಡ್ತಿರೋದರಲ್ಲಿ ಅದೂ ಸೇರಿದೆ. ಪಕ್ಕದ ಯಂತ್ರದೋಳು ಗೊಣಗಿಕೊಂಡು ಕೊಟ್ಟಿದ್ದೂ ಸೇರಿದೆ. ಈಗ ನಿಮ್ಮ ಸರದಿ. ಕೂತ್ಕೊಳ್ಳಿ. ಹುಟ್ಟಿದ ತಾರೀಖು ಹೇಳಿ.”

ಅವನು ಕೂತ. ಹೇಳಿದ. ಅವಳು ಬರೆದಳು. ಕೊನೆಯಲ್ಲಿ ಸಹಿ ಹಾಕುವಾಗ ಅವನ ಕೈ ಅದುರಿ ಪೆನ್ನು ಜಾರಿತು. ಹಾಳೆ ಅಲುಗದಂತೆ ಒತ್ತಿ ಹಿಡಿದದ್ದು ಅತ್ತೆ.

ಮನೆಗೆ ಬರುವಾಗ ಅತ್ತೆ ಒಂದು ಫಲಕವನ್ನೂ ಓದಲಿಲ್ಲ. ಮನೆಯಲ್ಲಿ ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತಾ ಕೇಳಿದಳು:

“ನನ್ನ ಅರ್ಜಿ ಎಲ್ಲಿ?”

“ಯಾವ ಅರ್ಜಿ ಅತ್ತೆ?”

“ಮಳ್ಳಿ ತರ ಆಡಬೇಡ. ಬೀರುವಿನಲ್ಲಿ ಬಟ್ಟೆ ಕೆಳಗೆ ಇಟ್ಟಿದೀಯಲ್ಲ. ಎಲ್ಲಾ ತುಂಬಿಸಿ, ಸಹಿ ಜಾಗ ಮಾತ್ರ ಬಿಟ್ಟಿದೀಯ. ನಂಗೆ ಓದೋಕೆ ಬರುತ್ತೆ ಅನ್ನೋದು ಮರೆತೆಯಾ?”

ಅಕ್ಕ ಸಿಕ್ಕಿಬಿದ್ದ ಕಳ್ಳಿಯಂತೆ ನಕ್ಕು ಅರ್ಜಿ ತಂದಳು. ಅತ್ತೆ ಅದನ್ನು ದೂರ ಹಿಡಿದು ಓದಿದಳು. “ಇದರಲ್ಲಿ ನನ್ನ ವಯಸ್ಸು ಎರಡು ವರ್ಷ ಕಮ್ಮಿ ಇದೆ.”

“ಎರಡು ವರ್ಷದ ಹಿಂದೆ ಬರೆದಿದ್ದು. ಹೊಸದು ಬರೀತೀನಿ ಕೊಡಿ.”

“ಹಾಗೇ ಇರಲಿ ಬಿಡು, ಚೆನ್ನಾಗಿದೆ” ಎಂದಳು ಅತ್ತೆ. ನಗುತ್ತಿರಲಿಲ್ಲ. ಅರ್ಜಿಯನ್ನು ಸೊಸೆಯ ಕೈಗೆ ಹಿಂದಿರುಗಿಸುತ್ತಾ, “ಆ ಮನುಷ್ಯ ಅಷ್ಟು ನಾಚಿಕೆ ಇಟ್ಟುಕೊಂಡೂ ಬಂದು ಕೂತ. ನಾನು ನಾಚಿಕೆಪಡೋಕೆ ಏನು ತಪ್ಪು ಮಾಡಿದೀನಿ? ಯೋಚನೆ ಮಾಡಿ ನೋಡಿದೆ, ಒಂದೂ ಸಿಗಲಿಲ್ಲ” ಎಂದಳು.

ವಯಸ್ಸು ಸರಿಮಾಡಿದ ಹೊಸ ಅರ್ಜಿಯೊಂದಿಗೆ ಮರುದಿನ ಇಬ್ಬರೂ ಮೂರನೇ ಕೌಂಟರಿನ ಮುಂದೆ ನಿಂತರು. ಜಗಲಿಯ ಮೇಜು ಬಿಟ್ಟು ಅಕ್ಕ ಸಾಲಿನಲ್ಲಿ ನಿಂತದ್ದು ನೋಡಿ ಜನ ದಾರಿಬಿಡಲು ಬಂದರು. ಅತ್ತೆ ಒಪ್ಪಲಿಲ್ಲ, “ನನ್ನ ಸರದಿ ಬಂದಾಗ ಬರ್ತೀನಿ” ಎಂದಳು. ಸರದಿ ಬಂದಾಗ ಗುಮಾಸ್ತ ಅಭ್ಯಾಸಬಲದಿಂದ ಹೆಬ್ಬೆಟ್ಟಿನ ಶಾಯಿಪ್ಯಾಡು ಮುಂದೆ ತಳ್ಳಿದ. ಅತ್ತೆ ಅದನ್ನು ಒಂದು ಬೆರಳಿನಿಂದ ಹಿಂದಕ್ಕೆ ತಳ್ಳಿ, “ಪೆನ್ನು” ಎಂದಳು.

ಸಹಿಗೆ ಎರಡು ನಿಮಿಷ ಹಿಡಿಯಿತು. ಹಿಂದೆ ಇಪ್ಪತ್ತು ಜನ ಕಾಯುತ್ತಿದ್ದರು. ಕೊನೆಯ ಒತ್ತಕ್ಷರ ಚೌಕದ ಗೆರೆ ದಾಟಿ ಕೆಳಗಿಳಿಯಿತು.

“ಅಮ್ಮ, ಅಕ್ಷರ ಗೆರೆ ದಾಟಿಬಿಟ್ಟಿದೆ” ಎಂದ ಗುಮಾಸ್ತ ಮೆಲ್ಲಗೆ.

“ಅದು ಬಾಲ ಕಣಪ್ಪ. ಬಾಲ ಹೊರಗೇ ಇರುತ್ತೆ.”

ಗುಮಾಸ್ತ ಮುದ್ರೆ ಒತ್ತಿದ.

ಮೇಸ್ತ್ರಿಯ ಪಿಂಚಣಿ ಆ ತಿಂಗಳೇ ಮಂಜೂರಾಯಿತು, ಅತ್ತೆಯದು ಅದರ ಮುಂದಿನ ತಿಂಗಳು. ಮೊದಲ ಹಣದಲ್ಲಿ ಅತ್ತೆ ಕೆಂಪು ಚೌಕಟ್ಟಿನ ಕನ್ನಡಕ ಕೊಂಡಳು. ಅಂಗಡಿಯವನು ಕಪ್ಪು ತೋರಿಸಿದರೆ, “ಅದು ವಯಸ್ಸಾದವರಿಗೆ” ಎಂದು ಪಕ್ಕಕ್ಕಿಟ್ಟಳಂತೆ. ಈಗ ಬೆಳಿಗ್ಗೆ ಪತ್ರಿಕೆ ಮೊದಲು ಅವಳ ಕೈಗೆ ಹೋಗಬೇಕು. ಸುದ್ದಿಯನ್ನು ಗಟ್ಟಿಯಾಗಿ ಓದುತ್ತಾಳೆ, ಮಧ್ಯೆ ಮಧ್ಯೆ ತನ್ನ ಅಭಿಪ್ರಾಯ ಸೇರಿಸುತ್ತಾಳೆ. ಪತ್ರಿಕೆಯಲ್ಲಿದ್ದುದು ಯಾವುದು, ಅತ್ತೆ ಸೇರಿಸಿದ್ದು ಯಾವುದು ಎಂದು ಅಕ್ಕನಿಗೆ ಎಷ್ಟೋ ಸಲ ತಿಳಿಯುವುದಿಲ್ಲ.

ಇನ್ನೊಂದು ಕಾನೂನು ಕೂಡ ಬಂದಿದೆ. ಪ್ರತಿ ತಿಂಗಳ ಮೊದಲ ವಾರ ಅತ್ತೆಯ ವಾರ. ಆ ವಾರದ ತರಕಾರಿ ಅವಳ ಹಣದಲ್ಲಿ, ಅವಳ ಆಯ್ಕೆಯಂತೆ. “ಈ ಮನೆ ನಡೆಸೋರಲ್ಲಿ ನಾನೂ ಒಬ್ಬಳು” ಎಂದು ಚೀಲ ಹಿಡಿದು ಹೊರಡುತ್ತಾಳೆ, ಪ್ರತಿ ಸಲವೂ ಹಾಗಲಕಾಯಿ ತರುತ್ತಾಳೆ. ಅಕ್ಕನಿಗೆ ಹಾಗಲಕಾಯಿ ಎಂದರೆ ಚಿಕ್ಕಂದಿನಿಂದಲೂ ಆಗದು. ಮಧ್ಯಾಹ್ನ ಒಂದಕ್ಕೆ ಮೇಜು ಎತ್ತಿ ಬಂದು, ಎಡಗೈಯಲ್ಲಿ ಚಮಚ ಹಿಡಿದು, ತಟ್ಟೆ ಮುಂದೆ ಕೂರುತ್ತಾಳೆ.

“ಹೇಗಿದೆ?” ಎನ್ನುತ್ತಾಳೆ ಅತ್ತೆ, ಕೆಂಪು ಕನ್ನಡಕದ ಮೇಲಿಂದ ನೋಡುತ್ತಾ.

“ಚೆನ್ನಾಗಿದೆ ಅತ್ತೆ” ಎಂದು ಅಕ್ಕ ಇನ್ನೊಂದು ಸಲ ಬಡಿಸಿಕೊಳ್ಳುತ್ತಾಳೆ.